ನೀರು ಕವಲೊಡೆವ ಘಟ್ಟದಲ್ಲಿ

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ ಓಟ್ಸ್‌ಟಾಲ್ ಎಂಬ ನೀಳವಾದ ಕಣಿವೆಯಿದೆ. ಅದರೊಳಗೆ ದಕ್ಷಿಣಾಭಿಮುಖವಾಗಿ ಸಾಗುವ ರಸ್ತೆ ಹೋಖ್‌ಗುರ್ಗ್ಲ್‌ನ ಸುಂಕದ ಕಟ್ಟೆಯನ್ನು ದಾಟಿದ ಮೇಲೆ ಮರಗಳು ಮರೆಯಾಗುತ್ತವೆ. ಉಳಿಯುವುದು ಹುಲ್ಲು, ಬಂಡೆ ಮತ್ತು ಅಲ್ಲಲ್ಲಿ ಕರಗದೆ ನಿಂತ ಹಿಮ. ತಿರುವಿನ ಮೇಲೆ ತಿರುವನ್ನು ಏರಿದ ವಾಹನ 2,474 ಮೀಟರ್ ಎತ್ತರದಲ್ಲಿ ಟಿಮ್ಮೆಲ್ಸ್‌ಯೋಖ್ ಘಟ್ಟದ ನೆತ್ತಿಯನ್ನು ತಲುಪುತ್ತದೆ. ಆಸ್ಟ್ರಿಯಾ ಮತ್ತು ಇಟಲಿ ದೇಶಗಳ ಗಡಿ ಅದು. ಚಳಿಗಾಲದುದ್ದಕ್ಕೂ ಹಿಮದಡಿ ಹುದುಗುವ ಈ ದಾರಿ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಆ ದಿನಗಳಲ್ಲೂ ರಾತ್ರಿ ಸಂಚಾರವಿಲ್ಲ.

ನೆತ್ತಿಯ ಉತ್ತರಕ್ಕೆ ಬಿದ್ದ ಮಳೆನೀರು ಇನ್ ನದಿಯನ್ನು ಸೇರಿ, ಡ್ಯಾನ್ಯೂಬ್‌ನೊಡನೆ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಪಾಸರ್ ಹೊಳೆಯಾಗಿ ಇಳಿದು, ಅಡೀಜೆ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರವನ್ನು ಸೇರುತ್ತದೆ. ಮೊದಲ ಮಹಾಯುದ್ಧದ ಬಳಿಕ, 1919ರ ಒಪ್ಪಂದದಲ್ಲಿ ಗಡಿಯನ್ನು ಗುರುತಿಸಿದವರು ಬಹುಮಟ್ಟಿಗೆ ಈ ನೀರಿನ ಕವಲನ್ನೇ ಅನುಸರಿಸಿದರು. ಆದರೆ ನೀರು ಕವಲೊಡೆದಲ್ಲಿ ಮಾತು ಕವಲೊಡೆದಿರಲಿಲ್ಲ. ಬೆಟ್ಟದ ಎರಡೂ ಮಗ್ಗುಲಿನ ಜನರಾಡುತ್ತಿದ್ದ ನುಡಿ ಜರ್ಮನ್. ದಕ್ಷಿಣದ ಪಾಸೈಯರ್ ಕಣಿವೆಯ ಹೊರೆಯಾಳುಗಳು ಬೆನ್ನ ಮೇಲೆ ಸರಕು ಹೊತ್ತು ಇದೇ ಘಟ್ಟವನ್ನು ಹತ್ತಿ ಓಟ್ಸ್‌ಟಾಲ್‌ಗೆ ಬಂದು ಹೋಗುತ್ತಿದ್ದವರು. ಗಡಿ ಬಿದ್ದ ಮೇಲೆ ಅದೇ ನಡಿಗೆಗೆ ಕಳ್ಳಸಾಗಣೆ ಎಂಬ ಹೆಸರು ಬಂತು.

ದಕ್ಷಿಣ ಟಿರೋಲ್ ಇಟಲಿಯ ಪಾಲಾಯಿತು. ಆ ನೆಲದ ಮನೆಮನೆಗೂ ಗಡಿಯ ಬಿಸಿ ತಟ್ಟಿದ್ದು ಶಾಲೆಯ ಮೂಲಕ. ಮುಸೊಲಿನಿಯ ಸರಕಾರ 1923ರಲ್ಲಿ ಜರ್ಮನ್ ಮಾಧ್ಯಮದ ಶಿಕ್ಷಣವನ್ನು ಒಂದೊಂದೇ ತರಗತಿಯಿಂದ ತೆಗೆದುಹಾಕುವ ಕಾನೂನನ್ನು ತಂದಿತು. ಊರುಗಳಿಗೂ ಬೆಟ್ಟಗಳಿಗೂ ಇಟಾಲಿಯನ್ ಹೆಸರುಗಳು ಬಂದವು. ಟಿಮ್ಮೆಲ್ಸ್‌ಯೋಖ್ 'ಪಾಸ್ಸೊ ದೆಲ್ ರೊಂಬೊ' ಆಯಿತು. ಆಗ ಮಿಖಾಯೆಲ್ ಗಾಂಪರ್ ಎಂಬ ಪಾದ್ರಿಯೂ ಅವರ ಜೊತೆಗಾರರೂ ಗುಟ್ಟಿನ ಶಾಲೆಗಳನ್ನು ಕಟ್ಟಿದರು. ಮಕ್ಕಳು ಹಗಲು ಸರಕಾರಿ ಶಾಲೆಯಲ್ಲಿ ಇಟಾಲಿಯನ್ ಕಲಿತು, ಬಳಿಕ ಯಾರದೋ ಮನೆಯ ಕೋಣೆಯಲ್ಲೋ ಅಟ್ಟದ ಮೇಲೋ ಕೂಡಿ ತಾಯ್ನುಡಿಯ ಅಕ್ಷರ ತಿದ್ದುತ್ತಿದ್ದರು. ಕಲಿಸುವವರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಅವರಲ್ಲೊಬ್ಬರಾದ ಆಂಜೆಲಾ ನಿಕೊಲೆಟ್ಟಿ ಇದಕ್ಕಾಗಿ ಸೆರೆವಾಸ ಅನುಭವಿಸಿದರು. ಕ್ಷಯರೋಗಕ್ಕೆ ತುತ್ತಾಗಿ 1930ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ ತೀರಿಕೊಂಡರು.

ರಸ್ತೆಯ ಕಥೆಯೂ ಇದಕ್ಕೆ ಹೊರತಲ್ಲ. ಇಟಲಿಯ ಕಡೆಯ ದಾರಿಯನ್ನು 1930ರ ದಶಕದಲ್ಲಿ ಮೊದಲು ಕಡಿದದ್ದು ಸೈನ್ಯದ ಅಗತ್ಯಕ್ಕಾಗಿ. ಗಡಿಯ ಸಮೀಪಕ್ಕೆ ಬಂದು ಆ ಕೆಲಸ ಅರ್ಧಕ್ಕೆ ನಿಂತಿತು. ಆಸ್ಟ್ರಿಯಾದ ಕಡೆಯ ರಸ್ತೆ 1959ರಲ್ಲಿ ತೆರೆಯಿತು. ಒಂಬತ್ತು ವರ್ಷ ಅದು ನೆತ್ತಿಯವರೆಗೆ ಹೋಗಿ ಮರಳುವ ದಾರಿಯಾಗಿಯೇ ಉಳಿಯಿತು. ಇಟಲಿಯ ಕಡೆಯದು ಬಂದು ಕೂಡಿಕೊಂಡದ್ದು 1968ರಲ್ಲಿ. ಗಡಿಯ ತಪಾಸಣೆ ಕೊನೆಗೊಂಡದ್ದು 1998ರಲ್ಲಿ. ಇಂದು ನೆತ್ತಿಯಲ್ಲಿರುವ ವಸ್ತುಸಂಗ್ರಹಾಲಯ ಆಸ್ಟ್ರಿಯಾದ ನೆಲದಲ್ಲಿ ಬೇರೂರಿ, ಇಟಲಿಯ ಕಡೆಗೆ ಮೈಚಾಚಿ ನಿಂತ ಹೆಬ್ಬಂಡೆಯಂತಿದೆ.

ಅಲ್ಲಿಂದ ಇಳಿಜಾರು ಸುಮಾರು 30 ಕಿಲೋಮೀಟರ್. ಕಿರಿದಾದ ಸುರಂಗ, ಕಡಿದಾದ ತಿರುವುಗಳು. ಬ್ರೇಕನ್ನಷ್ಟೇ ನಂಬಿದರೆ ಅದು ಕಾದು ಕೈಕೊಡುತ್ತದೆ; ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿಯೇ ಇಳಿಯಬೇಕು. ಕೊನೆಯಲ್ಲಿ ಎದುರಾಗುವ ಊರಿನ ಫಲಕದಲ್ಲಿ ಎರಡು ಹೆಸರುಗಳಿವೆ: ಸಾಂಕ್ಟ್ ಲಿಯೊನ್‌ಹಾರ್ಟ್, ಸಾನ್ ಲಿಯೊನಾರ್ಡೊ.

ಆ ಎರಡನೆಯ ಹೆಸರಿನ ಪಕ್ಕದಲ್ಲಿ ಮೊದಲನೆಯದು ಉಳಿದದ್ದು ಸುಲಭವಾಗಿ ಅಲ್ಲ. 1946ರಲ್ಲಿ ಎರಡು ದೇಶಗಳು ಒಪ್ಪಂದ ಮಾಡಿಕೊಂಡವು. ಅದು ಸರಿಯಾಗಿ ಜಾರಿಯಾಗಲಿಲ್ಲವೆಂದು ಆಸ್ಟ್ರಿಯಾ 1960ರಲ್ಲಿ ವಿಶ್ವಸಂಸ್ಥೆಯ ಮೊರೆಹೋಯಿತು. ನಡುವೆ ಬಾಂಬು ಸ್ಫೋಟಗಳ ಕಹಿಯೂ ಸೇರಿತು. ಕಡೆಗೆ 1972ರ ಸ್ವಾಯತ್ತತಾ ಶಾಸನ ಬಂತು. ಅದರ ಪ್ರಕಾರ ಜರ್ಮನ್ ಶಾಲೆಯಲ್ಲಿ ಕಲಿಸುವವರ ತಾಯ್ನುಡಿಯೂ ಜರ್ಮನ್ನೇ ಆಗಿರಬೇಕು. ಜೊತೆಗೆ ಮಕ್ಕಳು ಇಟಾಲಿಯನ್ನನ್ನೂ ಕಡ್ಡಾಯವಾಗಿ ಕಲಿಯಬೇಕು. ತಾಯ್ನುಡಿಯ ಶಾಲೆಗೂ ನಾಡಿನ ನುಡಿಯ ಕಲಿಕೆಗೂ ಅಲ್ಲಿ ಜಗಳವಿಲ್ಲ.

ಭಾರತದ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಶ್ರಮಿಸಬೇಕೆನ್ನುತ್ತದೆ. ಕಾನೂನು ಶಾಲೆಯ ಬಾಗಿಲನ್ನು ತೆರೆದಿಡಬಲ್ಲದು. ಆ ಬಾಗಿಲವರೆಗೆ ಮಗುವಿನ ಕೈಹಿಡಿದು ನಡೆಸಬೇಕಾದವರು ಮನೆಯವರು. ಬಾಗಿಲೇ ಇಲ್ಲದ ಕಾಲದಲ್ಲಿ ದಕ್ಷಿಣ ಟಿರೋಲಿನ ತಾಯ್ತಂದೆಯರು ಅಟ್ಟದ ಏಣಿಯನ್ನು ತೋರಿಸಿದ್ದರು. ಸೆಪ್ಟೆಂಬರಿನ ಬೆಳಗಿನಲ್ಲಿ ಘಟ್ಟವಿಳಿದು ಬರುವ ಪ್ರವಾಸಿಗೆ ಇಂದು ಆ ಕಣಿವೆಯಲ್ಲಿ ಕಾಣುವುದು ಚೀಲ ಬೆನ್ನಿಗೇರಿಸಿ, ಯಾರ ಅಂಜಿಕೆಯೂ ಇಲ್ಲದೆ ಶಾಲೆಗೆ ಹೊರಟ ಮಕ್ಕಳು.