ರನ್ನುಗಳಿಂದ ತೀರದ ಸಾಲ

ಹೆಸರಾಂತ ಕ್ರೀಡಾಪಟುವೊಬ್ಬನು ಮೈದಾನದ ಹೊರಗೆ ತಪ್ಪಿ ನಡೆದಾಗ ನಮ್ಮಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ನಾವು ಅವನ ಆಟ ನೋಡಿದರೆ ಸಾಕು, ಖಾಸಗಿ ಬದುಕು ನಮಗೇಕೆ?" ಕೇಳಲು ಇದು ಔದಾರ್ಯದ ಮಾತಿನಂತಿದೆ. ಆದರೆ ಇದು ಔದಾರ್ಯವಲ್ಲ. ಹೊಣೆಯಿಂದ ನುಣುಚಿಕೊಳ್ಳುವ ಜಾಣತನ.

ಕೆ.ಎಲ್. ರಾಹುಲ್ ನಮ್ಮ ಜಿಲ್ಲೆಯ ಹುಡುಗನೆಂಬ ಹೆಮ್ಮೆ ಸುರತ್ಕಲ್‌ನಿಂದ ಕೋಡಿಂಬಾಳದವರೆಗೆ ಎಲ್ಲರಿಗೂ ಇದೆ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಬೆಳೆದದ್ದು ಸುರತ್ಕಲ್‌ನಲ್ಲಿ, ಆಟ ಕಲಿತದ್ದು ಮಂಗಳೂರಿನ ನೆಹರೂ ಮೈದಾನದಲ್ಲಿ, ಪದವಿಪೂರ್ವ ಶಿಕ್ಷಣ ಪಡೆದದ್ದು ಯೇಸುಸಭೆಯ ಗುರುಗಳು ನಡೆಸುವ ಸಂತ ಅಲೋಶಿಯಸ್ ಕಾಲೇಜಿನಲ್ಲಿ. 2019ರ ಜನವರಿ 6ರಂದು ಪ್ರಸಾರವಾದ 'ಕಾಫಿ ವಿತ್ ಕರಣ್' ಎಂಬ ಟಿ.ವಿ. ಕಾರ್ಯಕ್ರಮದಲ್ಲಿ ಅವರು ಸಹ ಆಟಗಾರ ಹಾರ್ದಿಕ್ ಪಾಂಡ್ಯರ ಜೊತೆ ಕಾಣಿಸಿಕೊಂಡರು. ಹೆಣ್ಣುಮಕ್ಕಳ ಸಹವಾಸವನ್ನು ಗೆದ್ದ ಪದಕಗಳಂತೆ ಹೇಳಿಕೊಂಡ ಅಂದಿನ ಮಾತುಗಳನ್ನು, ಮನೆಮಂದಿಯೆಲ್ಲ ಓದುವ ಈ ಪುಟದಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಹೆಚ್ಚಿನ ಮಾತು ಪಾಂಡ್ಯರದು. ರಾಹುಲ್ ಅವರ ಪಾಲು ಕಡಿಮೆ. ಆದರೂ ಜನವರಿ 11ರಂದು ಇಬ್ಬರನ್ನೂ ಅಮಾನತುಗೊಳಿಸಿ ಆಸ್ಟ್ರೇಲಿಯಾ ಪ್ರವಾಸದಿಂದ ಮನೆಗೆ ಕಳುಹಿಸಲಾಯಿತು. ಇಬ್ಬರೂ ಕ್ಷಮೆ ಕೇಳಿದರು. ಜನವರಿ 24ರಂದು ಅಮಾನತು ತೆರವಾಯಿತು. ಏಪ್ರಿಲ್ 20ರಂದು ಕ್ರಿಕೆಟ್ ಮಂಡಳಿಯ ಒಂಬುಡ್ಸ್‌ಮನ್ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರು ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದರಲ್ಲಿ 10 ಲಕ್ಷ, ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ ಹತ್ತು ಮಂದಿ ಪೇದೆಗಳ ಕುಟುಂಬಗಳಿಗೆ. ಉಳಿದ 10 ಲಕ್ಷ, ಅಂಧರ ಕ್ರಿಕೆಟ್ ನಿಧಿಗೆ.

ಆಟಗಾರರ ಕಥೆ ಅಲ್ಲಿಗೆ ಮುಗಿಯಿತು. ಅಭಿಮಾನಿಗಳಾದ ನಮ್ಮ ಕಥೆ ಮುಗಿದಿಲ್ಲ. ನಾವು ಮುಂದಿಡುವ ಮೂರು ಸಮರ್ಥನೆಗಳನ್ನು ಪರೀಕ್ಷಿಸೋಣ.

"ವಯಸ್ಸಿನ ಹುಡುಗರು, ಬಿಟ್ಟುಬಿಡಿ" ಎಂಬುದು ಮೊದಲನೆಯದು. ಆಗ ರಾಹುಲ್‌ಗೆ 26 ವರ್ಷ, ಪಾಂಡ್ಯರಿಗೆ 25. ಅದೇ ವಯಸ್ಸಿನಲ್ಲಿ ನಮ್ಮ ಧರ್ಮಕೇಂದ್ರಗಳ ಎಷ್ಟೋ ಯುವಕರು ಸಂಸಾರದ ಭಾರ ಹೊರುತ್ತಾರೆ. ಅವರು ತಪ್ಪಿದರೆ ಊರು ಹುಡುಗಾಟವೆಂದು ನಗುತ್ತದೆಯೇ? "ಅದು ಖಾಸಗಿ ವಿಷಯ" ಎಂಬುದು ಎರಡನೆಯದು. ಕ್ಯಾಮೆರಾದ ಮುಂದೆ ಕುಳಿತು ದೇಶವೇ ಕೇಳಲೆಂದು ಆಡಿದ ಮಾತು ಖಾಸಗಿಯಾಗುವುದು ಹೇಗೆ? ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: "ಅವನ ಬ್ಯಾಟೇ ಉತ್ತರ ಹೇಳುತ್ತದೆ." ಬ್ಯಾಟು ಎದುರಾಳಿಯ ಚೆಂಡಿಗೆ ಉತ್ತರ ಹೇಳಬಹುದು, ಅವಮಾನಕ್ಕೊಳಗಾದ ಹೆಣ್ಣಿಗೆ ಯಾವ ಶತಕವೂ ಉತ್ತರವಲ್ಲ. ರನ್ನುಗಳಿಂದ ತೀರುವ ಸಾಲ ಇದಲ್ಲ.

ಇನ್ನು ಕೆಲವರು ನೀತಿಯ ಹೆಸರಿನಲ್ಲಿ ಕಲ್ಲೆಸೆಯುವವರು. ಅವರ ಕೋಪವೂ ನ್ಯಾಯದ ಕೋಪವೇ ಎಂಬುದು ಸಂಶಯ. 2024ರ ಐ.ಪಿ.ಎಲ್.ನಲ್ಲಿ ಇದೇ ಪಾಂಡ್ಯರನ್ನು ಅಹಮದಾಬಾದಿನಲ್ಲಿಯೂ ಮುಂಬಯಿಯಲ್ಲಿಯೂ ಪ್ರೇಕ್ಷಕರು ಕೂಗಿ ಹೀಯಾಳಿಸಿದರು. ಹೆಣ್ಣನ್ನು ಹಗುರಾಗಿ ಕಂಡರೆಂದೇ? ಅಲ್ಲ, ಗುಜರಾತ್ ತಂಡವನ್ನು ಬಿಟ್ಟು, ರೋಹಿತ್ ಶರ್ಮಾರ ಸ್ಥಾನದಲ್ಲಿ ಮುಂಬಯಿ ತಂಡದ ನಾಯಕರಾದರೆಂದು! ಅದೇ ವರ್ಷ ಜೂನ್ 29ರಂದು ವಿಶ್ವಕಪ್ ಫೈನಲಿನ ಕೊನೆಯ ಓವರ್ ಎಸೆದು ಗೆಲ್ಲಿಸಿದ ಮೇಲೆ, ಕೆಲವೇ ದಿನಗಳಲ್ಲಿ ಮುಂಬಯಿಯ ಅದೇ ವಾಂಖೆಡೆ ಕ್ರೀಡಾಂಗಣ ಅವರ ಹೆಸರನ್ನು ಜಯಘೋಷ ಮಾಡಿತು. ಹೊಸಾನ್ನ ಎಂದು ಕೂಗಿದ ನಗರವೇ ವಾರದೊಳಗೆ ಶಿಲುಬೆಗೇರಿಸಲು ಒತ್ತಾಯಿಸಿದ ಕಥೆಯನ್ನು ಪ್ರತಿವರ್ಷ ಗರಿಗಳ ಭಾನುವಾರ ಕೇಳುವ ನಮಗೆ ಜನಜಂಗುಳಿಯ ಈ ಗುಣ ಹೊಸದೇನೂ ಅಲ್ಲ. ಜಂಗುಳಿಯ ಹೊಗಳಿಕೆಯಲ್ಲಿಯೂ ತೆಗಳಿಕೆಯಲ್ಲಿಯೂ ಸತ್ಯದ ತೂಕವಿಲ್ಲ.

ಹಾಗಾದರೆ ನಿಜವಾದ ಅಭಿಮಾನಿ ಯಾರು? ಗೊಲಿಯಾತನನ್ನು ಕೆಡವಿದ ದಾವೀದನಿಗೆ ಹಾಡಿ ಕುಣಿಯುವವರ ಕೊರತೆಯಿರಲಿಲ್ಲ. ಆದರೆ ಊರೀಯನ ಹೆಂಡತಿಯ ವಿಷಯದಲ್ಲಿ ಅವನು ಘೋರ ಪಾಪವೆಸಗಿದಾಗ ಎದುರು ನಿಂತು ಮಾತನಾಡಿದವನು ಪ್ರವಾದಿ ನಾತಾನನೊಬ್ಬನೇ. ಬಡವನ ಕುರಿಮರಿಯ ಕಥೆ ಹೇಳಿ, ಅರಸನ ಕೋಪವನ್ನು ಅರಸನ ಮೇಲೆಯೇ ತಿರುಗಿಸಿದ. ದಾವೀದನ ಯುದ್ಧವಿಜಯಗಳನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ಅರಸನನ್ನು ಬೀದಿಗೆಳೆದು ಹಂಗಿಸಲೂ ಇಲ್ಲ. ದಾವೀದನ ಮಗ ಸೊಲೊಮೋನನಿಗೆ ಪಟ್ಟವಾಗುವಾಗಲೂ ಅದೇ ನಾತಾನ ಜೊತೆಗಿದ್ದ. ತಪ್ಪನ್ನು ತಪ್ಪೆನ್ನುವುದು, ವ್ಯಕ್ತಿಯನ್ನು ಕೈಬಿಡದಿರುವುದು: ಪ್ರೀತಿ ಎಂದರೆ ಇವೆರಡೂ ಒಟ್ಟಿಗಿರುವುದು.

ಧರ್ಮಸಭೆಯು ಪಾಪಿಯನ್ನು ಕ್ಷಮಿಸುತ್ತದೆ. ಆದರೆ ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತಗಳ ದಾರಿಯಲ್ಲಿ ನಡೆಸಿ ಕ್ಷಮಿಸುತ್ತದೆ. ಅಭಿಮಾನಿಯು ಈ ಮೂರನ್ನೂ ಹಾರಿ ನೇರವಾಗಿ ಕ್ಷಮಾಪಣೆ ನೀಡಿಬಿಡುತ್ತಾನೆ. ಅದರಿಂದ ಆಟಗಾರನಿಗೇ ನಷ್ಟ. ಅಮಾನತಿನ ನಂತರ ರಾಹುಲ್, ರಾಹುಲ್ ದ್ರಾವಿಡ್ ತರಬೇತಿಯ ಭಾರತ 'ಎ' ತಂಡದಲ್ಲಿ ಆಡಿ ಮರಳಿ ಬಂದರು. ಆ ಸಂದರ್ಶನ ತಮ್ಮನ್ನು ಆಳವಾಗಿ ನೋಯಿಸಿ ಬದಲಾಯಿಸಿತೆಂದು 2024ರಲ್ಲಿ ಅವರೇ ಹೇಳಿಕೊಂಡರು. ಅವರನ್ನು ಬದಲಾಯಿಸಿದ್ದು ಅಂದು ಎದುರಿಸಬೇಕಾಗಿ ಬಂದ ಕಹಿ; "ಏನೂ ಆಗಿಲ್ಲ ಬಿಡಿ" ಎಂದವರ ಚಪ್ಪಾಳೆಯಲ್ಲ.

ಇದು ದೂರದ ಮುಂಬಯಿಯ ಮಾತೆಂದು ಭಾವಿಸಬೇಡಿ. ಕೋಡಿಂಬಾಳದಿಂದ ಕಡಬಕ್ಕೋ ಪುತ್ತೂರಿಗೋ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಹಿಂದಿನ ಸೀಟಿನಿಂದ ಬರುವ ಮಾತುಗಳನ್ನು ತಲೆತಗ್ಗಿಸಿ ಕೇಳಬೇಕಾಗುತ್ತದೆ. ಆ ಮಾತನಾಡುವವನು ಒಬ್ಬನೇ. ಸುತ್ತ ಕುಳಿತು ನಗುವವರು ಹಲವರು. ಆ ನಗುವೇ ಅವನಿಗೆ ಬಲ. ಟಿ.ವಿ. ಮುಂದೆ ನಕ್ಕ ತಂದೆಯ ನಗುವನ್ನು ಮಗ ಬಸ್ಸಿನಲ್ಲಿ ಮುಂದುವರಿಸುತ್ತಾನೆ.

ಆದುದರಿಂದ ತಂದೆತಾಯಂದಿರೇ, ನೆಚ್ಚಿನ ಆಟಗಾರನ ತಪ್ಪು ಸುದ್ದಿಯಾದ ದಿನ ಮಾತು ಮರೆಸಬೇಡಿ. "ಅವನ ಆಟ ಚೆಂದ, ಈ ನಡತೆ ಕೆಟ್ಟದ್ದು" ಎಂದು ಮಕ್ಕಳೆದುರು ಸ್ಪಷ್ಟವಾಗಿ ಹೇಳಿ. ಆರೋಪವಷ್ಟೇ ಇದ್ದಲ್ಲಿ ತೀರ್ಪಿಗೆ ಕಾಯಲು ಕಲಿಸಿ. ಯುವ ಸಂಘಗಳ ಪಂದ್ಯಾಟಗಳಲ್ಲಿ ಹೆಣ್ಣನ್ನು ಹೀನಾಯವಾಗಿ ಮಾತನಾಡಿದವನು ಎಷ್ಟೇ ಒಳ್ಳೆಯ ಆಟಗಾರನಾಗಿರಲಿ, ಅವನನ್ನು ಹೊರಗೆ ಕೂರಿಸುವ ಧೈರ್ಯ ತೋರೋಣ. ಒಂದು ಕಪ್ ಕೈತಪ್ಪಬಹುದು. ಹೋಗಲಿ. ಮಗಳು ಅಂಜದೆ ಬಸ್ಸು ಹತ್ತುವುದಕ್ಕಿಂತ ಅದು ದೊಡ್ಡದಲ್ಲ.