ಹೆಗಲು ಕೊಡಿ, ಆದರೆ ತಣ್ಣಗಿನದಲ್ಲ

ಪ್ಲೇಸ್‌ಮೆಂಟ್ ಟ್ರೈನಿಂಗ್‌ನಲ್ಲಿ ‘ಗಿವ್ ದ ಕೋಲ್ಡ್ ಶೋಲ್ಡರ್’ ಅಂತ ಒಂದು ಇಡಿಯಮ್ ಬರುತ್ತೆ. ಪದಕ್ಕೆ ಪದ ಇಟ್ಟರೆ ‘ತಣ್ಣನೆ ಹೆಗಲು ಕೊಡು’. ನಮ್ಮಲ್ಲಿ ಹೆಗಲು ಕೊಡೋದು ಅಂದ್ರೆ ಕಷ್ಟಕ್ಕೆ ಆಗೋದು! ಇಂಗ್ಲಿಷಿನಲ್ಲಿ ಅರ್ಥ ಪೂರ್ತಿ ಉಲ್ಟಾ: ಗೊತ್ತಿದ್ದವರನ್ನೇ ಬೇಕಂತ ಕಡೆಗಣಿಸೋದು, ಮುಖ ತಿರುಗಿಸಿಕೊಂಡು ಹೋಗೋದು.

ಬೇಡದ ನೆಂಟರಿಗೆ ಆರಿದ ಮಾಂಸ ಬಡಿಸುತ್ತಿದ್ದರು, ಅದರಿಂದ ಈ ಮಾತು ಬಂತು ಅನ್ನೋ ಕಥೆ ಓಡಾಡುತ್ತೆ. ಅದಕ್ಕೆ ಆಧಾರವಿಲ್ಲ. ವಾಲ್ಟರ್ ಸ್ಕಾಟ್ 1816ರ ‘ದಿ ಆಂಟಿಕ್ವೆರಿ’ ಕಾದಂಬರಿಯಲ್ಲಿ ಈ ಮಾತು ಬಳಸಿದಾಗ ಅಲ್ಲಿ ಊಟದ ಸುದ್ದಿಯೇ ಇಲ್ಲ.

ಚಳಿ ದೇಶದ ಮಾತಲ್ಲಿ ತಣ್ಣಗಿರೋದು ಅಂದ್ರೆ ಪ್ರೀತಿ ಇಲ್ಲದ್ದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ. ಚಿಂತಾಮಣಿ, ಶಿಡ್ಲಘಟ್ಟದ ರೈತರು ಬೋರ್‌ವೆಲ್ ನಂಬಿದವರು. ಇಲ್ಲಿ ತಂಪೇ ಆಶೀರ್ವಾದ: ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತಾರೆ ಅಜ್ಜಿ.

ಆದರೆ ಕ್ಯಾಂಪಸ್‌ನಲ್ಲಿ ನಾವು ಮಾಡೋದೇನು? ಗೌರಿಬಿದನೂರು ಕಡೆ ಹಳ್ಳಿಯಿಂದ, ಕನ್ನಡ ಮೀಡಿಯಂನಲ್ಲಿ ಓದಿ ಬಂದವನು ಇಂಗ್ಲಿಷಿನಲ್ಲಿ ತಡವರಿಸಿದರೆ ಪ್ರಾಜೆಕ್ಟ್ ಟೀಮ್‌ಗೆ ಅವನನ್ನ ಕೊನೆಗೆ ಸೇರಿಸ್ಕೋತೀವಿ. ಬೈಯಲ್ಲ, ಜಗಳ ಆಡಲ್ಲ. ವಾಟ್ಸಾಪ್ ಗ್ರೂಪ್‌ಗೆ ಹಾಕೋದು ‘ಮರೀತೀವಿ’, ಅಷ್ಟೇ. ಕೋಲ್ಡ್ ಶೋಲ್ಡರ್ ಅಂದ್ರೆ ಇದೇ. ಜಗಳ ಆದ್ರೆ ತಿರುಗಿ ಮಾತಾಡಬಹುದು. ಕಡೆಗಣಿಸಿದ್ದಕ್ಕೆ ಏನಂತ ಉತ್ತರ ಕೊಡ್ತಾನೆ?

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಇಂಟರ್‌ವ್ಯೂಗೆ ಬೇಕೇ ಬೇಕು. ಈ ಇಡಿಯಮ್ಮನ್ನೂ ಕಲಿಯಿರಿ, ವಾಕ್ಯದಲ್ಲಿ ಬಳಸಿ. ಕ್ಲಾಸ್‌ಮೇಟ್ ಮೇಲೆ ಮಾತ್ರ ಬಳಸಬೇಡಿ. ಅವನಿಗೆ ಹೆಗಲು ಕೊಡಿ, ಕನ್ನಡದ ಅರ್ಥದಲ್ಲಿ.