ನಾರಾ: ಮಣ್ಣಡಿಯ ರಾಜಧಾನಿ

ನಾರಾ ಎಂದೊಡನೆ ಪ್ರವಾಸಿಗರ ಕಣ್ಣ ಮುಂದೆ ನಿಲ್ಲುವುದು ತೋದಾಯ್‌ಜಿಯ ಮಹಾಬುದ್ಧ ಮತ್ತು ನಿರ್ಭಯವಾಗಿ ಸಂಚರಿಸುವ ಜಿಂಕೆಗಳ ಹಿಂಡು. ಆದರೆ ಜಪಾನಿನ ಆ ಪ್ರಾಚೀನ ರಾಜಧಾನಿಯ ಅತ್ಯಮೂಲ್ಯ ನಿಧಿ ಊರ ಪಶ್ಚಿಮಕ್ಕೆ ಹರಡಿರುವ, ಇಂದು ನಡುವೆ ರೈಲು ಹಾಯುವ, ಹುಲ್ಲು ಬೆಳೆದ ಬಯಲಿನ ಕೆಳಗಿದೆ ಎಂಬುದು ನನ್ನ ಅಭಿಮತ.

ನಾರಾ ಪ್ರಾಂತಕ್ಕೆ ಕಡಲತೀರವಿಲ್ಲ. ದಕ್ಷಿಣಭಾಗವೆಲ್ಲ ಯೋಶಿನೊದ ದುರ್ಗಮ ಪರ್ವತಾರಣ್ಯ. ಜನವಸತಿಯ ಬಹುಪಾಲು ಉತ್ತರದಲ್ಲಿ, ಪೂರ್ವದ ಕಾಸುಗಾ ಗುಡ್ಡಗಳಿಗೂ ಪಶ್ಚಿಮದ ಇಕೊಮಾ, ಕಾತ್ಸುರಾಗಿ ಶ್ರೇಣಿಗಳಿಗೂ ನಡುವೆ ಬೋಗುಣಿಯಂತಿರುವ ಬಯಲಿನಲ್ಲಿದೆ. ಬಯಲಿನ ತೊರೆಗಳು ಯಾಮಾತೊ ನದಿಯಲ್ಲಿ ಕೂಡಿ, ಪಶ್ಚಿಮದ ಬೆಟ್ಟಗಳ ಸಂದಿನಿಂದ ಒಸಾಕಾದತ್ತ ಇಳಿಯುತ್ತವೆ. ಮಳೆ ಮಿತವಾದ ಈ ನೆಲದಲ್ಲಿ ರೈತರು ಕೆರೆಗಳನ್ನು ನಂಬಿಯೇ ಬತ್ತ ಬೆಳೆದರು.

710ರಲ್ಲಿ ಸಾಮ್ರಾಜ್ಞಿ ಗೆಮ್ಮೆಯ್ ಇಲ್ಲಿಗೆ ರಾಜಧಾನಿಯನ್ನು ತಂದಳು. ಚೀನಾದ ಚಾಂಗಾನ್ ನಗರವನ್ನು ಆದರ್ಶವಾಗಿರಿಸಿಕೊಂಡು ಚೌಕಚೌಕವಾಗಿ ನಿರ್ಮಿತವಾದ ಹೆಯ್‌ಜೊ ನಗರದ ಮಧ್ಯೆ, ಅರಮನೆಯ ದಕ್ಷಿಣದ್ವಾರದಿಂದ ಸುಮಾರು 74 ಮೀಟರ್ ಅಗಲದ ರಾಜಬೀದಿ ಹೊರಟಿತು. 735ರಿಂದ 737ರವರೆಗೆ ಸಿಡುಬಿನ ಮಾರಿ ರಾಜ್ಯವನ್ನು ತಲ್ಲಣಗೊಳಿಸಿದ ಮೇಲೆ ಚಕ್ರವರ್ತಿ ಶೋಮು ಮಹಾಬುದ್ಧನ ಕಂಚಿನ ಪ್ರತಿಮೆಯ ನಿರ್ಮಾಣಕ್ಕೆ ಸಂಕಲ್ಪಿಸಿದನು. 752ರಲ್ಲಿ ಆ ಮೂರ್ತಿಗೆ ನೇತ್ರೋನ್ಮೀಲನ ಮಾಡಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಇಷ್ಟಾದರೂ 784ರಲ್ಲಿ ಆಸ್ಥಾನ ನಾಗಾಓಕಾಕ್ಕೆ ತೆರಳಿತು. ಅರಮನೆಯ ನೆಲ ಕ್ರಮೇಣ ಗದ್ದೆಯಾಯಿತು; ಮೊದಲು ಹೇಳಿದ ಹುಲ್ಲಿನ ಬಯಲು ಅದೇ.

ಹೀಗೆ ತೊರೆದುದೇ ಆ ನೆಲಕ್ಕೆ ರಕ್ಷಣೆಯಾಯಿತು. ಅರಮನೆಯ ಮೇಲೆ ಮತ್ತೊಂದು ನಗರ ಬೆಳೆಯಲಿಲ್ಲ. ನೀರು ತುಂಬಿದ ಮಣ್ಣಿನಲ್ಲಿ ಮರವೂ ಕೊಳೆಯಲಿಲ್ಲ. 1961ರಲ್ಲಿ ಇಲ್ಲಿ ದೊರೆತ ಮೊಕ್ಕಾನ್‌ಗಳು ಅಂಗೈಗೆ ಹಿಡಿಯುವಷ್ಟು ಕಿರಿದಾದ ಮರದ ಪಟ್ಟಿಗಳು: ದಾರ ಕಟ್ಟಲು ತುದಿಯಲ್ಲಿ ಕಚ್ಚು, ಮೇಲೆ ಮಸಿಯಲ್ಲಿ ಬರೆದ ಊರಿನ ಹೆಸರು, ತೆರಿಗೆಯಾಗಿ ಬಂದ ಉಪ್ಪಿನ ಅಥವಾ ಅಕ್ಕಿಯ ಲೆಕ್ಕ. ಕೆಲಸ ಮುಗಿದ ಪಟ್ಟಿಯನ್ನು ಗುಮಾಸ್ತ ಚಾಕುವಿನಿಂದ ಹೆರೆದು ಮತ್ತೆ ಬರೆಯುತ್ತಿದ್ದನು. ಹೆರೆದ ಸಿಪ್ಪೆಗಳೂ ಉಳಿದಿವೆ. ರಾಜಾಶ್ರಯದಲ್ಲಿ ರಚಿತವಾದ ಇತಿಹಾಸಗ್ರಂಥಗಳು ಅರಸರ ಕಥೆ ಹೇಳಿದವು. ಈ ಕಸವು ಅವರಿಗೆ ಉಪ್ಪು ಹೊತ್ತು ತಂದವರ ಕಥೆ ಹೇಳಿತು.

ಆದರೆ ಪ್ರಕೃತಿ ಕಾಪಾಡಿದುದನ್ನು ಮನುಷ್ಯ ಅನೇಕ ವೇಳೆ ಕೆಡಿಸಹೊರಟನು. ತಡೆಯಲು ಮುಂದಾದವರೂ ಇದ್ದರು. ಮೇಯ್‌ಜಿ ಕಾಲದ ಕೊನೆಯ ವರ್ಷಗಳಲ್ಲಿ, ಅಂದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ತಾನಾದಾ ಕಾಜುರೊ ಎಂಬ ತೋಟಗಾರ ಕೈಯ ಹಣ ಖರ್ಚುಮಾಡಿ ಈ ನೆಲದ ಪರವಾಗಿ ಊರೂರು ತಿರುಗಿದನು. 1960ರ ದಶಕದ ಆರಂಭದಲ್ಲಿ ರೈಲು ಕಂಪನಿಯೊಂದು ಅರಮನೆಯ ನೆಲದ ಮೇಲೆ ಡಿಪೊ ಕಟ್ಟಲು ಮುಂದಾದಾಗ ವಿದ್ವಾಂಸರೂ ಸಾಮಾನ್ಯರೂ ಎದ್ದುನಿಂತರು. ಸರ್ಕಾರ ನೆಲವನ್ನು ಕೊಂಡುಕೊಂಡಿತು. ಆದರೆ 1988ರಲ್ಲಿ, ಸಮೀಪದಲ್ಲೇ ರಾಜಕುಮಾರ ನಾಗಾಯಾನ ಮನೆಯ ಸುಳಿವನ್ನೂ ಸಾವಿರಾರು ಮೊಕ್ಕಾನ್‌ಗಳನ್ನೂ ನೆಲ ಬಿಟ್ಟುಕೊಟ್ಟಾಗ, ಉಳಿಸಬೇಕಿದ್ದ ಆ ನಿವೇಶನ ದೊಡ್ಡ ಅಂಗಡಿಗೆ ಸಂದಿತು.

ಈಗ ಅರಮನೆಯ ಬಯಲಿನಲ್ಲಿ ದಕ್ಷಿಣದ್ವಾರವೂ (1998) ಆಸ್ಥಾನಭವನವೂ (2010) ಪುನರ್ನಿರ್ಮಿತವಾಗಿ ಪ್ರವಾಸಿಗರನ್ನು ಸೆಳೆಯುತ್ತಿವೆ. ಅದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಹೊಸ ಮರದಿಂದ ಎಬ್ಬಿಸಿದ ದ್ವಾರ ಸುಟ್ಟರೆ ಮತ್ತೊಂದನ್ನು ಎಬ್ಬಿಸಬಹುದು. ನೆಲದಡಿಯ ನೀರು ಬತ್ತಿ ಮೊಕ್ಕಾನ್ ಪುಡಿಯಾದರೆ ಮತ್ತೊಂದು ಬಾರದು. ಭೂಗತ ಹೆದ್ದಾರಿಯ ಯೋಜನೆ ಈ ಬಯಲಿನ ಕೆಳಗೆ ಹಾಯಬಹುದೆಂಬ ಸುದ್ದಿ ಹಬ್ಬಿದಾಗ ಅಂತರ್ಜಲದ ಚಿಂತೆಯನ್ನೇ ವಿದ್ವಾಂಸರು ಮುಂದಿಟ್ಟರು. ಅದು ಯುಕ್ತವೇ ಆಗಿತ್ತು. ಆದುದರಿಂದ ಪುರಾತನ ನಗರಗಳ ಸಂರಕ್ಷಣೆಯ ಹೊಣೆ ಹೊತ್ತವರು ಮೊದಲು ಕಾಯಬೇಕಾದುದು ಕಟ್ಟಡವನ್ನಲ್ಲ, ಕಟ್ಟಡದ ಕೆಳಗಿನ ಮಣ್ಣನ್ನು ಮತ್ತು ಅದರ ತೇವವನ್ನು.